ದಾನವ್ವನ ಪೂರಾ ದೋಸೆ

ಅಣವೀರಪ್ಪನ ತೊಂದರೆ ಶುರುವಾದದ್ದು ಹೆಂಡತಿಗೆ "ನಿನಗೇನು ಬೇಕು?" ಎಂದು ಕೇಳಿದ್ದರಿಂದ. ಮದುವೆಯಾದಾಗಿನಿಂದ ಆತ ಆ ಪ್ರಶ್ನೆ ಕೇಳಿರಲಿಲ್ಲ, ಹಾಗಾಗಿ ಸುಖವಾಗಿಯೇ ಇದ್ದ.

ಕೇಳುವುದಕ್ಕೆ ಕಾರಣವಿತ್ತು. ಆ ಮಳೆಗಾಲದಲ್ಲಿ ಅವನಿಗೆ ಟೈಫಾಯ್ಡ್ ಹಿಡಿದು, ಮುಂಬಯಿಯ ಸಯನ್ನಿನ ಚಾಳಿನ ಒಂದೇ ಖೋಲಿಯಲ್ಲಿ ವಾರಗಟ್ಟಲೆ ಮಲಗಿಬಿಟ್ಟಿದ್ದ. ದಾನವ್ವ ಮೂರು ಮಕ್ಕಳನ್ನೂ ಜ್ವರದ ಗಂಡನನ್ನೂ ಒಟ್ಟಿಗೆ ಸಂಭಾಳಿಸಿದಳು. ಗಂಜಿ ಕಾಸಿದಳು, ಮೋಸಂಬಿ ಹಿಂಡಿದಳು, ಅವನ ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತ ಕೂತಳು. ಮೈಯಲ್ಲಿ ಜೀವ ಬಂದು ಮತ್ತೆ ಪರಳ್‌ನ ಮಿಲ್ಲಿಗೆ ಗುಮಾಸ್ತಿಕೆಗೆ ಹೋಗತೊಡಗಿದ ಮೇಲೆ ಅಣವೀರಪ್ಪ ಒಂದು ಸಂಜೆ ಅವಳ ಇಳಿದುಹೋದ ಮುಖ ನೋಡಿದ. ಇವಳಿಲ್ಲದಿದ್ದರೆ ನಾನು ಇವತ್ತು ಇರುತ್ತಿರಲಿಲ್ಲ ಎಂದು ಅವನಿಗೆ ಮನಸಾರೆ ಅನ್ನಿಸಿತು. ಅದೇ ಭರದಲ್ಲಿ ಕೇಳಿಬಿಟ್ಟ.

"ನಕ್ಕೀರಿ ಮತ್ತ," ಎಂದಳು ದಾನವ್ವ.

"ಇಲ್ಲ, ಹೇಳು. ಸೀರಿ ಬೇಕೇನು? ಬಳಿ?"

"ಒಂದು ಮಸಾಲಿ ದೋಸಿ ರೀ. ಬಿಸೀದು. ಪೂರಾ ನಾನೊಬ್ಬಾಕಿನ ತಿನ್ನಬೇಕು."

ಅಣವೀರಪ್ಪ ನಗಲಿಲ್ಲ. ನಗುವ ಮಾತಲ್ಲವೆಂದು ಅವನಿಗೂ ಗೊತ್ತಿತ್ತು. ಪಗಾರದ ನಂತರದ ಆದಿತ್ಯವಾರ ಅವರ ಸಂಸಾರ ಸ್ಟೇಶನ್ ಪಕ್ಕದ ಭಟ್ಟರ ಹೋಟೆಲಿಗೆ ಹೋಗುವುದು ವಾಡಿಕೆ. ಭಟ್ಟರು ಒಳ್ಳೆಯವರು. ಹುಡುಗರು ನೀರು ಚೆಲ್ಲಿದರೂ, ಸಕ್ಕರೆ ಡಬ್ಬಿಯಲ್ಲಿ ಬೆರಳಿಟ್ಟರೂ, "ಇರಲಿ, ಮಕ್ಕಳು" ಎನ್ನುವರು. ಎಲ್ಲರಿಗೂ ಬೇರೆ ಬೇರೆ ದೋಸೆ ಬರುತ್ತಿತ್ತು. ಆದರೆ ಅವ್ವನ ತಾಟಿನ ದೋಸೆ ರುಚಿಯೇ ಬೇರೆ ಎಂದು ಆ ಮೂರೂ ಮಕ್ಕಳು ಹುಟ್ಟುವಾಗಲೇ ಕಲಿತು ಬಂದಂತಿತ್ತು. ದೊಡ್ಡವ ಕಾಶ್ಯಾ ತನ್ನದನ್ನು ಮುಗಿಸಿ ಅವ್ವನ ದೋಸೆಯ ಗರಿಗರಿ ಅಂಚು ಮುರಿಯುವನು. ನಡುವಿನವಳು ಭಾಗಿ ಒಳಗೆ ಬೆರಳು ತೂರಿಸಿ ಬಟಾಟೆ ಪಲ್ಯ ತೋಡಿಕೊಳ್ಳುವಳು. ತೊಡೆಯ ಮೇಲಿನ ಚಿಕ್ಕವ ಮಿಕ್ಕದ್ದನ್ನು ಚಟ್ನಿಯಲ್ಲಿ ಕಲಸಿ, ಚೀಪಿ, ತಾಟಿಗೆ ವಾಪಸು ಹಾಕುವನು. ದಾನವ್ವನ ಪಾಲಿಗೆ ಉಳಿಯುವುದು ತಣ್ಣಗಾಗಿ ಚರ್ಮದಂತೆ ಜಗ್ಗುವ ಒಂದು ಮಡಿಕೆ. ಅದನ್ನೂ ಅವಳು ಸಾಂಬಾರಿನಲ್ಲಿ ಅದ್ದಿ ನಗುನಗುತ್ತ ತಿನ್ನುತ್ತಿದ್ದಳು. ಆ ನಗುವಿನ ಹಿಂದೆ ಇಷ್ಟು ದೊಡ್ಡ ಆಸೆ ಅಡಗಿ ಕೂತಿದೆ ಎಂದು ಅಣವೀರಪ್ಪನಿಗೆ ತಿಳಿದಿರಲಿಲ್ಲ.

"ತಿನ್ನಸ್ತೀನಿ," ಎಂದ. "ಹುಡುಗರನ್ನ ಬಿಟ್ಟು, ನಾವಿಬ್ರ ಹೋಗೂಣು. ನೀ ತಿನ್ನೂದು ನಾ ಎದುರಿಗೆ ಕೂತು ನೋಡ್ತೀನಿ."

ಭಟ್ಟರಲ್ಲಿಗೆ ಹೋಗುವಂತಿರಲಿಲ್ಲ. ಅಲ್ಲಿ ಚಾಳಿನ ಯಾರಾದರೊಬ್ಬರು ಚಹ ಕುಡಿಯುತ್ತ ಕೂತಿರುವವರೇ. "ಹುಡುಗರು ಎಲ್ಲಿ?" ಎಂದು ಕೇಳದೆ ಬಿಡುವವರಲ್ಲ. ಗ್ರಾಂಟ್ ರೋಡಿನ ಸೌಪರ್ಣಿಕಾ ಭುವನದಲ್ಲಿ ದೋಸೆಯ ಮೇಲೆ ಬೆಣ್ಣೆಯ ಉಂಡೆ ಇಟ್ಟು ಕೊಡುತ್ತಾರೆಂದು ಮಿಲ್ಲಿನಲ್ಲಿ ಯಾರೋ ಹೇಳಿದ್ದರು. ಅಷ್ಟು ದೂರ ಸಯನ್ನಿನವರು ಯಾರು ಬರುತ್ತಾರೆ? ಅಣವೀರಪ್ಪ ಅದನ್ನೇ ಗಟ್ಟಿಮಾಡಿಕೊಂಡ.

ಉಳಿದದ್ದು ಮಕ್ಕಳನ್ನು ಬಿಟ್ಟುಹೋಗಲು ಒಂದು ನೆಪ. ಲಗ್ನವೆಂದರೆ ಮಕ್ಕಳು ಬರುತ್ತವೆ, ದವಾಖಾನೆಯೆಂದರೆ ಚಾಳೇ ಬರುತ್ತದೆ. ಮಕ್ಕಳನ್ನು ಯಾರೂ ಕರೆದೊಯ್ಯದ ಜಾಗ ಒಂದೇ, ಸಾವಿನ ಮನೆ. ಆದಿತ್ಯವಾರ ಬೆಳಿಗ್ಗೆ ಅಣವೀರಪ್ಪ ಪಕ್ಕದ ಖೋಲಿಯ ಜೈತುನಬಿಯ ಮುಂದೆ ಮುಖ ಸಣ್ಣದು ಮಾಡಿಕೊಂಡು ನಿಂತ.

"ಗ್ರಾಂಟ್ ರೋಡಿನಾಗ ನಮ್ಮವರೊಬ್ರು ತೀರಕೊಂಡಾರ್ರಿ ಆಪಾ. ಮಾತಾಡ್ಸಿ ಬರಬೇಕು. ಹುಡುಗರನ್ನ ಒಂದೀಟು..."

"ಯಾ ಅಲ್ಲಾ!" ಎಂದಳು ಜೈತುನಬಿ. ವಿಜಾಪುರದ ಕಡೆಯವಳು, ಎದೆಯಲ್ಲಿ ಮಮತೆ ಹೆಚ್ಚು. "ಬಚ್ಚೋಂಕಾ ಫಿಕರ್ ಬ್ಯಾಡ್ರಿ ಭಾಯಿ. ನಾ ಅದೀನಿ." ಆಮೇಲೆ ಒಳಗಿಂದ ಬಂದ ದಾನವ್ವನನ್ನು ನೋಡಿ ಬೆಚ್ಚಿಬಿದ್ದಳು. ದಾನವ್ವ ಇಳಕಲ್ ಸೀರೆ ಉಟ್ಟು, ಮೊಳ ಮಲ್ಲಿಗೆ ಮುಡಿದು, ಜಾತ್ರೆಗೆ ಹೊರಟವಳಂತೆ ನಿಂತಿದ್ದಳು. "ಹಾಯ್ ಹಾಯ್ ಭಾಭಿ! ಮಯ್ಯತ್ ಮನಿಗೆ ಹೂ ಮುಡಕೊಂಡು? ತೆಗೀರಿ, ತೆಗೀರಿ!"

ಮಲ್ಲಿಗೆ ಹೋಯಿತು, ಇಳಕಲ್ ಹೋಯಿತು. ಮಾಸಿದ ನೂಲಿನ ಸೀರೆಯಲ್ಲಿ ದಾನವ್ವ ಹೊರಬಂದಾಗ, ಜಿನೆಯ ಮೆಟ್ಟಿಲ ಹತ್ತಿರ ಚನ್ನಬಸಯ್ಯನವರು ಸಿಕ್ಕರು. ಅವರು ಚಾಳಿನ ಹಿರಿಯರು, ಧಾರವಾಡದ ಕಡೆಯ ಜಂಗಮರು, ಎಲ್ಲರಿಗೂ "ಅಯ್ಯಾರು". ಮುಂಬಯಿಯಲ್ಲಿರುವ ಉತ್ತರ ಕರ್ನಾಟಕದವರೆಲ್ಲ ತಮಗೆ ಪರಿಚಯವೆಂದು ನಂಬಿದವರು. ಆ ನಂಬಿಕೆ ಸುಳ್ಳೂ ಆಗಿರಲಿಲ್ಲ.

"ಯಾರು ಹೋದ್ರೋ ತಮ್ಮಾ?"

ಅಣವೀರಪ್ಪ ಹೆಸರು ಸಿದ್ಧಮಾಡಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ. "ಶಂಕ್ರೆಪ್ಪ."

"ಶಂಕ್ರೆಪ್ಪ!" ಅಯ್ಯಾರು ಗೋಡೆಗೆ ಒರಗಿದರು. "ಬೆಳಗಾವಿ ಶಂಕ್ರೆಪ್ಪನ? ಎತ್ತರಾಗಿ, ಕೆಂಪಗೆ?"

"ಹೂಂ... ಎತ್ತರಾಗೇ ಇದ್ದ."

"ಎಂಥಾ ಮನಷ್ಯಾ! ನಡಿ, ನಾನೂ ಬರ್ತೀನಿ."

ಅಯ್ಯಾರನ್ನು ಬೇಡವೆನ್ನುವ ಧೈರ್ಯ ಚಾಳಿನಲ್ಲಿ ಯಾರಿಗೂ ಇರಲಿಲ್ಲ. ಮೂವರೂ ಲೋಕಲ್ ಹತ್ತಿದರು. ಅಯ್ಯಾರು ದಾದರ್ ಬರುವವರೆಗೆ ಶಂಕ್ರೆಪ್ಪನ ಗುಣಗಾನ ಮಾಡಿದರು. ಅವನು ಯಾರ ಲಗ್ನಕ್ಕೆ ಹೇಗೆ ಓಡಾಡಿದ, ಯಾರಿಗೆ ನೌಕರಿ ಕೊಡಿಸಿದ ಎಂದೆಲ್ಲ ಹೇಳಿ ಕಣ್ಣೊರೆಸಿಕೊಂಡರು. ಕೇಳುತ್ತ ಕೇಳುತ್ತ ದಾನವ್ವನ ಕಣ್ಣಲ್ಲೂ ನೀರು ಬಂತು. "ಅಷ್ಟು ಚೊಲೋ ಮನಷ್ಯಾನ್ನ ಯಾಕ ಕೊಂದ್ರಿ?" ಎಂದು ಗಂಡನ ಕಿವಿಯಲ್ಲಿ ಉಸುರಿದಳು.

ದಾದರಿನಲ್ಲಿ ಗಾಡಿ ಬದಲಿಸಬೇಕು. ಹಳಿ ದಾಟುವ ಸೇತುವೆಯ ಮೇಲೆ ಜನ ಜಾತ್ರೆಯಾಗಿದ್ದರು. ಅಯ್ಯಾರು ಕಚ್ಚೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿರುವಾಗ ಕೆಳಗೆ ಚರ್ಚ್‌ಗೇಟ್ ಗಾಡಿ ಬಂದು ನಿಂತಿತು. ಅಣವೀರಪ್ಪ ಹೆಂಡತಿಯ ಕೈ ಹಿಡಿದು ಓಡಿದ. ಇಬ್ಬರೂ ಡಬ್ಬಿಯೊಳಗೆ ಬಿದ್ದರು, ಗಾಡಿ ಹೊರಟಿತು. ಪ್ಲಾಟ್‌ಫಾರ್ಮಿನ ಮೇಲೆ ಅಯ್ಯಾರ ರುಮಾಲು ಅತ್ತಿತ್ತ ಅವರನ್ನು ಹುಡುಕುತ್ತಿತ್ತು.

"ಹಿರ್ಯಾರನ್ನ ಹಿಂಗ ಬಿಟ್ಟು ಬರಬಾರದಿತ್ತು ರೀ."

"ಅವರು ಮನಿಗೆ ಹೋಗ್ತಾರ. ನೀ ದೋಸಿ ನೆನಸು."

ದಾನವ್ವ ದೋಸೆ ನೆನೆದಳು. ಅಷ್ಟಕ್ಕೇ ಅವಳ ಮುಖದಲ್ಲಿ ಸ್ವಲ್ಪ ಕಳೆ ಬಂತು.

ಸೌಪರ್ಣಿಕಾ ಭುವನದ ಕೆಳಗೆ ಹೋಟೆಲು, ಮೇಲೆ ಲಾಡ್ಜು. ಹಾಲಿನ ತುಂಬ ಗಂಡಸರು, ಒಳಗೆ ಪರದೆ ಹಾಕಿದ ಫ್ಯಾಮಿಲಿ ರೂಮುಗಳು. ಗಲ್ಲಾದ ಮೇಲೆ ಉಡುಪಿ ಕಡೆಯ ಮ್ಯಾನೇಜರ್ ಕೂತಿದ್ದರು. ಅವರಿಗೆ ಜಗತ್ತಿನಲ್ಲಿ ಒಂದೇ ಭಯ, ಬೆಲ್ ಬಾಟಮ್ ಹಾಕಿದ ಪ್ರೇಮಿಗಳದ್ದು. ಒಂದು ಕಾಫಿ ತರಿಸಿಕೊಂಡು ಪರದೆಯ ಹಿಂದೆ ಗಂಟೆಗಟ್ಟಲೆ ಕೂರುವ ಜೋಡಿಗಳಿಂದ ಹೋಟೆಲಿನ ಹೆಸರು ಕೆಡುತ್ತದೆಂದು ಅವರು ರಾತ್ರಿ ನಿದ್ದೆಗೆಟ್ಟವರು.

"ಫ್ಯಾಮಿಲಿ ರೂಮ್ ಬೇಕ್ರಿ," ಎಂದ ಅಣವೀರಪ್ಪ.

ಮ್ಯಾನೇಜರ್ ಮೇಲೆ ಕೆಳಗೆ ನೋಡಿದರು. ಗಂಡಸಿನ ಅಂಗಿಗೆ ಇಸ್ತ್ರಿ. ಹೆಂಗಸಿನದು ಮಾಸಿದ ಸೀರೆ, ತಲೆಯಲ್ಲಿ ಹೂವಿಲ್ಲ, ಅತ್ತ ಕಣ್ಣು. "ಮಕ್ಕಳು?"

"ಇಲ್ಲ... ಅದಾವು. ಕರಕೊಂಡು ಬಂದಿಲ್ಲ."

"ಆದಿತ್ಯವಾರ ಮಕ್ಕಳನ್ನು ಬಿಟ್ಟು ದೋಸೆ ತಿನ್ಲಿಕ್ಕೆ ಬರುವ ತಾಯಿಯನ್ನು ನಾನು ನೋಡ್ಲೇ ಇಲ್ಲ ಮಾರಾಯ್ರೆ. ಹೆಸರೆಂತ?"

ಅಣವೀರಪ್ಪನ ತಲೆಯಲ್ಲಿ ಅಯ್ಯಾರ ರುಮಾಲು ಸುಳಿಯಿತು. ಅವರು ಬಿಡುವ ಆಸಾಮಿಯಲ್ಲ, ಮುಂದಿನ ಗಾಡಿ ಹಿಡಿದು ಬಂದು ಕಂಡ ಕನ್ನಡದ ಹೋಟೆಲಿಗೆಲ್ಲ ಹೊಕ್ಕು "ಅಣವೀರಪ್ಪ ಬಂದಾನೇನು?" ಎಂದು ಕೇಳುವವರು. ಹೆಸರು ಬದಲಿಸುವುದೇ ಕ್ಷೇಮ. ಆದರೆ ಬೆಳಗಿನಿಂದ ಅವನ ಬಾಯಲ್ಲಿ ಬೇರೆ ಹೆಸರೇ ಇರಲಿಲ್ಲ.

"ಶಂಕ್ರೆಪ್ಪ," ಎಂದ.

ಮ್ಯಾನೇಜರ್ ಒಲ್ಲದ ಮನಸ್ಸಿನಿಂದ ಒಂದು ರೂಮು ತೋರಿಸಿದರು. ದಾನವ್ವ ಒಳಗೆ ಹೋಗಿ ಕೂತಳು. ಅಣವೀರಪ್ಪ ಕೈ ತೊಳೆಯಲು ಹೋದ. ಅವನ ಬೆನ್ನು ಮರೆಯಾದದ್ದೇ ತಡ, ಮ್ಯಾನೇಜರ್ ಪರದೆ ಸರಿಸಿ ನಿಂತರು.

"ಅಮ್ಮ, ತಪ್ಪು ತಿಳೀಬೇಡಿ. ನಿಮ್ಮ ಯಜಮಾನ್ರ ಹೆಸರೆಂತ?"

ದಾನವ್ವ ತಲೆ ತಗ್ಗಿಸಿದಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ಅವಳ ತವರಿನಲ್ಲೂ ಇರಲಿಲ್ಲ, ಅತ್ತೆಮನೆಯಲ್ಲೂ ಇರಲಿಲ್ಲ. ಹೇಳಲೇಬೇಕೆಂದರೆ ಒಡಪು ಕಟ್ಟಬೇಕು. ನಾಲ್ಕು ಸಾಲಿನ ಪದ ಮಾಡಿ, ಕಡೆಯ ಸಾಲಿನಲ್ಲಿ ಹೆಸರನ್ನು ಸೇರಿಸಿ, ನಾಚಿಕೊಂಡು ಹೇಳಬೇಕು. ಅದೂ ಲಗ್ನದಲ್ಲಿ, ಸೀಮಂತದಲ್ಲಿ, ಹೆಂಗಸರ ನಡುವೆ. ಹೋಟೆಲಿನಲ್ಲಿ ಪರಗಂಡಸಿನ ಮುಂದೆ ಹೇಳುವುದುಂಟೆ?

"ಹೆಂಗ ಹೇಳ್ಲಿ ರೀ..." ಎಂದಳು.

"ಹೆಂಗ ಅಂದ್ರೆ? ಗಂಡನ ಹೆಸರು ಗೊತ್ತಿಲ್ವಾ?"

"ಗೊತ್ತೈತಿ. ಹೇಳಾಕ ಬರಂಗಿಲ್ಲ."

ಮ್ಯಾನೇಜರ್‌ಗೆ ಇನ್ನೇನು ಬೇಕು. "ನನಗೆ ಆಗಲೇ ಗೊತ್ತಿತ್ತು! ಏಳಿ ಅಮ್ಮ, ಏಳಿ. ಇದು ಮರ್ಯಾದಸ್ಥರು ಬರುವ ಹೋಟೆಲ್."

ಗದ್ದಲ ಕೇಳಿ ಪಕ್ಕದ ರೂಮಿನ ಪರದೆ ಸರಿಯಿತು. ಗಿರಗಾಂವಿನ ನೀಲಾಬಾಯಿ ಎಂಬ ಮರಾಠಿ ಹೆಂಗಸು ತನ್ನ ನಾದಿನಿಯರ ಜೊತೆ ಅಲ್ಲಿ ಕೂತಿದ್ದಳು. ಕನ್ನಡ ಬಾರದಿದ್ದರೂ ಹೆಂಗಸಿನ ಸಂಕಟ ಅವಳಿಗೆ ತಿಳಿಯಿತು. ಅವರಲ್ಲಿಯೂ ಗಂಡನ ಹೆಸರು ಹೇಳುವುದು ಪದ ಕಟ್ಟಿಯೇ. ಅವಳು ಬಂದು ದಾನವ್ವನ ಹೆಗಲ ಮೇಲೆ ಕೈಯಿಟ್ಟು, "ಲಾಜೂ ನಕಾ ಹೋ, ಉಖಾಣಾ ಘ್ಯಾ! ನಾವ ಘ್ಯಾ!" ಎಂದು ಹುರಿದುಂಬಿಸಿದಳು. ನಾಚಬೇಡ, ಪದ ಕಟ್ಟಿ ಹೆಸರು ಹೇಳು ಎಂಬುದು ದಾನವ್ವನಿಗೆ ಅರ್ಥವಾಯಿತು. ನಾದಿನಿಯರು ಚಪ್ಪಾಳೆ ಶುರುಮಾಡಿದರು. ಹಾಲಿನಲ್ಲಿದ್ದ ಗಂಡಸರು ಇಡ್ಲಿ ಬಿಟ್ಟು ಎದ್ದು ನಿಂತರು.

ದಾನವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಕಣ್ಣು ಮುಚ್ಚಿ ಒಡಪು ಹೇಳಿದಳು.

"ಸಯನ್ ಚಾಳಿನಾಗ ನಮ್ಮದು ಒಂದ ಖೋಲಿ,
ಮಕ್ಕಳಿಗೆ ತಿನಿಸಿ ತಿನಿಸಿ ನನ್ನ ತಾಟು ಖಾಲಿ,
ಇವತ್ತೊಂದಿನ ದೋಸಿ ಪೂರಾ ನನಗ ಬಿಡ್ರೆಪ್ಪಾ,
ಕೈಹಿಡಿದ ರಾಯರ ಹೆಸರು ಅಣವೀರಪ್ಪಾ!"

ಹೋಟೆಲು ಹೋ ಎಂದಿತು. ನೀಲಾಬಾಯಿ ದಾನವ್ವನನ್ನು ತಬ್ಬಿಕೊಂಡಳು. ಕನ್ನಡ ಬಲ್ಲವರು ಬಾರದವರಿಗೆ ಅರ್ಥ ಹೇಳಿದರು. ಆ ಹೊತ್ತಿಗೆ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಬಂದ ಅಣವೀರಪ್ಪನ ಎದೆ ಉಬ್ಬಿತು. ಮದುವೆಯ ದಿನ ಬಿಟ್ಟರೆ ಹೆಂಡತಿಯ ಬಾಯಲ್ಲಿ ಅವನು ತನ್ನ ಹೆಸರು ಕೇಳಿರಲಿಲ್ಲ. ಟೈಫಾಯ್ಡ್ ಬಂದದ್ದೇ ಒಳ್ಳೆಯದಾಯಿತು ಎನ್ನಿಸಿತು.

ಮ್ಯಾನೇಜರ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವರು ಅಣವೀರಪ್ಪನ ಕಡೆ ಬೆರಳು ಮಾಡಿದರು.

"ಇವರು ಶಂಕ್ರೆಪ್ಪ ಅಂತ ಹೇಳಿದ್ದು!"

ನೀಲಾಬಾಯಿಯ ಕೈ ದಾನವ್ವನ ಹೆಗಲಿನಿಂದ ಮೆಲ್ಲಗೆ ಜಾರಿತು.

"ಅಂದ್ರೆ ಹೆಂಗಸು ಅಣವೀರಪ್ಪನ ಹೆಂಡತಿ. ಬಂದದ್ದು ಶಂಕ್ರೆಪ್ಪನ ಜೊತೆ," ಎಂದು ಮ್ಯಾನೇಜರ್ ಎಲ್ಲರಿಗೂ ಬಿಡಿಸಿ ಹೇಳಿದರು.

"ನಾನ ಅಣವೀರಪ್ಪ!" ಎಂದು ಅಣವೀರಪ್ಪ ಕೂಗಿದ.

"ಈಗ ಹೇಳ್ತಾನೆ ನೋಡಿ!"

"ಬಿಚಾರಾ ಅಣವೀರಪ್ಪಾ," ಎಂದು ನೀಲಾಬಾಯಿಯ ನಾದಿನಿ ಸೆರಗಿನಲ್ಲಿ ಕಣ್ಣೊತ್ತಿಕೊಂಡಳು. ಪಾಪ, ಅಣವೀರಪ್ಪ ಮನೆಯಲ್ಲಿ ಮಕ್ಕಳನ್ನು ಆಡಿಸುತ್ತ ಕೂತಿರಬೇಕು ಎಂದು ಒಬ್ಬರೆಂದರು. ಇಂಥ ಶಂಕ್ರೆಪ್ಪಗಳಿಂದಲೇ ಸಂಸಾರಗಳು ಹಾಳಾಗುವುದು ಎಂದು ಇನ್ನೊಬ್ಬರು ತೋಳು ಏರಿಸಿದರು. ಜಗತ್ತು ತನ್ನ ಮೇಲೆ ಇಷ್ಟು ಕನಿಕರ ತೋರಿಸುತ್ತಿರುವಾಗಲೇ ತನಗೆ ಏಟು ಬೀಳುವ ಹಾಗಿದೆಯಲ್ಲ ಎಂದು ಅಣವೀರಪ್ಪ ಬೆವತುಹೋದ.

ದಾನವ್ವ ಎದ್ದು ನಿಂತಳು. ನಾಚಿಕೆ ಎಲ್ಲಿಗೋ ಓಡಿಹೋಗಿತ್ತು.

"ನನ್ನ ಹಣೇಬರಾ ರೀ! ಹೆಸರು ಕೇಳಿದ್ರ ಸತ್ತಾವನ ಹೆಸರು ಹೇಳ್ತಾರೇನು ಯಾರರೆ? ಎಲ್ಲಿ ಏನು ಮಾತಾಡಬೇಕು ಅಂತ ನಿಮಗ ಯಾವಾಗ ತಿಳದೈತಿ? ರೇಶನ್ ಅಂಗಡ್ಯಾಗ ಸಕ್ಕರಿ ಕೊಡಾಕ ಬಂದಾವಗ, ಮನ್ಯಾಗ ಭಾಳ ಐತಿ ಅಂದ್ರಿ! ನನ್ನ ತಂಗಿ ಲಗ್ನದಾಗ ಯಾರದೋ ಚಪ್ಪಲಿ ಮೆಟ್ಟಿ ಬಂದ್ರಿ, ಅವೂ ಎರಡೂ ಎಡಗಾಲಿನವು! ಜ್ವರ ಬಂದಾಗ ಗುಳಿಗಿ ನುಂಗೇನಿ ನುಂಗೇನಿ ಅಂತ ಹೇಳಿ ಎಲ್ಲಾ ಕೌದಿ ಕೆಳಗ ಇಟ್ರಿ, ನಾ ಕೌದಿ ಝಾಡಿಸಿದ್ರ ಉದುರ್ತಾವು ಗುಳಿಗಿ, ಹೂವಿನಂಗ! ಒಂದು ದೋಸಿ ಕೇಳಿದ್ನಲ್ಲಾ, ಅದಕ್ಕ ಒಬ್ಬಾವನ್ನ ಕೊಂದ್ರಿ, ಅಯ್ಯಾರನ್ನ ದಾದರಿನಾಗ ಕಳದ್ರಿ, ನನ್ನ ಮಾನಾ ಇಲ್ಲಿ ತೆಗದ್ರಿ..."

ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಮ್ಯಾನೇಜರ್ ಎರಡೂ ಕೈ ಜೋಡಿಸಿದ್ದರು.

"ಸಾಕು ಅಮ್ಮ, ಸಾಕು. ನನ್ನದು ತಪ್ಪಾಯ್ತು. ಇಷ್ಟು ಬೈಬೇಕಾದ್ರೆ ತಾಳಿ ಕಟ್ಟಿಸಿಕೊಂಡವರೇ ಆಗ್ಬೇಕು."

ಗುಂಪಿಗೂ ಅದೇ ಅನ್ನಿಸಿತ್ತು. ಏರಿಸಿದ ತೋಳುಗಳು ಇಳಿದವು. ಲಗ್ನವಾದ ಗಂಡಸರೆಲ್ಲ ಅಣವೀರಪ್ಪನ ಬೆನ್ನು ಸವರಿ ತಮ್ಮ ಮೇಜುಗಳಿಗೆ ಹೋದರು. ನೀಲಾಬಾಯಿ ತನ್ನ ತಲೆಯ ಹೂವಿನಲ್ಲಿ ಅರ್ಧ ಮುರಿದು ದಾನವ್ವನಿಗೆ ಮುಡಿಸಿದಳು. ಮ್ಯಾನೇಜರ್ ಸ್ವತಃ ಒಳಗೆ ಹೋಗಿ, ಒಂದು ಸ್ಪೆಷಲ್ ಮಸಾಲೆ ಹಾಕು, ಬೆಣ್ಣೆ ಜಾಸ್ತಿ ಎಂದು ಕೂಗಿದ್ದು ರೂಮಿನವರೆಗೆ ಕೇಳಿಸಿತು.

ದೋಸೆ ಬಂತು. ತಾಟಿನ ಎರಡೂ ಕಡೆ ಚಾಚಿಕೊಂಡು, ಬಂಗಾರದ ಬಣ್ಣಕ್ಕೆ ಬೆಂದು, ನೆತ್ತಿಯ ಮೇಲೆ ಬೆಣ್ಣೆ ಕರಗುತ್ತ ಬಂತು. ದಾನವ್ವ ಅದನ್ನು ಮುಟ್ಟಲಿಲ್ಲ, ಸುಮ್ಮನೆ ನೋಡಿದಳು. ಅಣವೀರಪ್ಪ ಗದ್ದಕ್ಕೆ ಕೈಯೂರಿ ಅವಳನ್ನು ನೋಡಿದ. ಅವಳ ಕೈ ಗರಿಗರಿ ಅಂಚಿನ ಕಡೆಗೆ ಹೊರಟಿತು.

ಪರದೆ ಸರಿಯಿತು.

"ಇಲ್ಲಿ ಅದೀರೇನೋ ತಮ್ಮಾ!"

ಚನ್ನಬಸಯ್ಯನವರು ನಿಂತಿದ್ದರು. ರುಮಾಲು ಬಿಚ್ಚಿತ್ತು, ಅಂಗಿ ಬೆವರಿನಲ್ಲಿ ತೊಯ್ದಿತ್ತು. ಇಬ್ಬರೂ ತಟಕ್ಕನೆ ಎದ್ದರು. ಅಯ್ಯಾರು ಕುರ್ಚಿಯಲ್ಲಿ ಕುಸಿದರು.

"ಶಂಕ್ರೆಪ್ಪನ ಮನಿ ಸಿಗಲಿಲ್ಲೋ. ಸಾವಿನ ಮನಿ ಎಲ್ಲೈತಿ ಅಂತ ಓಣಿ ಓಣಿ ಕೇಳಿದೆ. ಯಾವನೋ ಒಬ್ಬಾವ ಮಂದಿ ಕೂಡಿದ ಮನಿ ತೋರಿಸಿದ. ಅಳಕೋತ ಒಳಗ ಹೋದೆ, ಅದು ಲಗ್ನದ ಮನಿ. ಬ್ಯಾಂಡಿನವರು ನನ್ನ ನೋಡಿ ಬಾರಿಸೂದು ನಿಲ್ಲಿಸಿದ್ರು. ಇಲ್ಲಿ ಹೊರಗ ಹಾಯ್ದು ಹೊಂಟಿದ್ದೆ, ಸಯನ್ನಿನಾಕಿ ಒಬ್ಬಾಕಿ ಒಡಪು ಹೇಳಿದ್ಲು ಅಂತ ಮಂದಿ ಮಾತಾಡಾಕತ್ತಿದ್ರು." ನಿಟ್ಟುಸಿರು ಬಿಟ್ಟರು. "ಸುದ್ದಿ ಕೇಳಿದಾಗಿಂದ ಬಾಯಾಗ ಹನಿ ನೀರು ಹಾಕಿಲ್ಲ. ಮಣ್ಣಾಗೋ ತನಕ ಹೆಂಗ ತಿನ್ನೂದು?"

ಆಗ ಮ್ಯಾನೇಜರ್ ಚಟ್ನಿ ಹಿಡಿದುಕೊಂಡು ಬಂದರು. "ಶಂಕ್ರೆಪ್ಪನವ್ರೆ, ಚಟ್ನಿ ಸಾಕಾ?" ಎಂದರು, ಮೊದಲು ಕೇಳಿದ ಹೆಸರೇ ಬಾಯಿಗೆ ಬಂದು.

ಅಯ್ಯಾರು ಗಾಬರಿಯಾಗಿ ಹಿಂದೆ ಮುಂದೆ ನೋಡಿದರು. "ಶಂಕ್ರೆಪ್ಪ? ಎಲ್ಲಿ ಅದಾನ?"

ಮ್ಯಾನೇಜರ್ ಅಣವೀರಪ್ಪನನ್ನು ತೋರಿಸಿ, ನಾಲಿಗೆ ಕಚ್ಚಿಕೊಂಡು ಹೊರಟುಹೋದರು.

ಅಣವೀರಪ್ಪ ನೆಲ ನೋಡಿದ. "ಯಾರೂ ಸತ್ತಿಲ್ಲ ಅಯ್ಯಾರ," ಎಂದ ಸಣ್ಣ ದನಿಯಲ್ಲಿ. "ನಾನ ಸುಳ್ಳು ಹೇಳಿದೆ."

ಅಯ್ಯಾರು ಸಿಟ್ಟಿಗೇಳಲೂ ತ್ರಾಣವಿಲ್ಲದೆ ಬಾಯಿ ಒಣಗಿಸಿಕೊಂಡು ಕೂತರು. ಹಸಿದ ಜಂಗಮರು ಎದುರಿಗೆ ಕೂತಿರುವಾಗ ತಾನು ತುತ್ತೆತ್ತುವುದು ದಾನವ್ವನ ರಕ್ತದಲ್ಲೇ ಇರಲಿಲ್ಲ. ಅದರಲ್ಲೂ ತಮ್ಮ ಸುಳ್ಳಿಗಾಗಿ ಹಸಿದವರು. ಅವಳು ಒಂದು ಗಳಿಗೆಯೂ ತಡಮಾಡದೆ ತಾಟನ್ನು ಎರಡೂ ಕೈಯಿಂದ ಅವರ ಮುಂದೆ ಸರಿಸಿದಳು.

"ತಪ್ಪಾತು ಅಯ್ಯಾರ. ಮೊದಲ ಪ್ರಸಾದ ಮಾಡ್ರಿ, ಆಮ್ಯಾಲ ಬೈರಿ."

ಅಯ್ಯಾರು ಕೊರಳಿನ ಲಿಂಗಕ್ಕೆ ಕೈಮುಗಿದು ಶುರುಮಾಡಿದರು. ಅಣವೀರಪ್ಪ ನೋಡುತ್ತಿದ್ದಂತೆ ಗರಿಗರಿ ಅಂಚು ಹೋಯಿತು, ಬೆಣ್ಣೆ ಹೋಯಿತು, ಪಲ್ಯ ಹೋಯಿತು. ತಾಟು ಬರಿದಾದ ಮೇಲೆ ಅವರಿಗೆ ಜೀವ ಬಂತು.

"ಭಾಳ ಚೊಲೋ ಐತಿ. ನಿಂದೆಲ್ಲಿ ತಂಗಿ? ಇನ್ನೊಂದು ತರಸೋ."

ಅಣವೀರಪ್ಪ ಓಡಿಹೋಗಿ ಕೇಳಿದ. ಮ್ಯಾನೇಜರ್ ಮುಖ ಬಾಡಿಸಿದರು. "ಅಯ್ಯೋ, ಅದೇ ಕಡೇದು. ಈಗ ಕಾವಲಿ ಬಂದ್, ಊಟದ ಹೊತ್ತಲ್ವಾ. ಇನ್ನು ಸಾಯಂಕಾಲದವರೆಗೆ ರೈಸ್ ಪ್ಲೇಟ್ ಮಾತ್ರ."

ಸಂಜೆಯವರೆಗೆ ಕಾಯುವಂತಿರಲಿಲ್ಲ. ಮಕ್ಕಳು ಜೈತುನಬಿಯ ಮನೆಯಲ್ಲಿದ್ದವು. ಅಣವೀರಪ್ಪ ಮರಳಿ ಬಂದು ಕೂತು, ತಡೆಯಲಾರದೆ, ಆ ದೋಸೆಯ ಕತೆಯನ್ನೆಲ್ಲ ಅಯ್ಯಾರಿಗೆ ಹೇಳಿಬಿಟ್ಟ. ಗಂಜಿಯಿಂದ ಹಿಡಿದು ಒಡಪಿನವರೆಗೆ. ಅಯ್ಯಾರು ಖಾಲಿ ತಾಟನ್ನು ನೋಡಿದರು.

"ಇದನ್ನ ತಿನ್ನೂಕಿಂತ ಮೊದಲ ಹೇಳಬಾರದೇನೋ ಕತ್ತಿ?" ಎಂದರು. "ತಂಗಿ, ನನ್ನ ಮನ್ಯಾಗ ಗಂಗುಬಾಯಿ ಅದಾಳ. ಏಳು ಮಕ್ಕಳನ್ನ ಸಾಕ್ಯಾಳ. ನಿನಗ ಏನು ಬೇಕು ಅಂತ ನಾ ಇವತ್ತಿನತನಕ ಆಕಿನ್ನ ಕೇಳಿಲ್ಲ. ಇವನು ಸುಳ್ಳು ಹೇಳಿದ, ಖರೆ. ಕೇಳಿದ್ನಲ್ಲಾ, ಅಷ್ಟರೆ ಪುಣ್ಯಾ ಕಟಗೊಂಡ." ದಾನವ್ವನ ತಲೆಯ ಮೇಲೆ ಕೈಯಿಟ್ಟರು. "ಮುಂದಿನ ಆದಿತ್ವಾರ ನಿನಗ ಪೂರಾ ದೋಸಿ ಸಿಗತೈತಿ. ಇದು ನನ್ನ ಮಾತು."

ಮೂವರೂ ರೈಸ್ ಪ್ಲೇಟ್ ಉಂಡು ಮನೆಗೆ ಬಂದರು. ಶಂಕ್ರೆಪ್ಪನ ಸುದ್ದಿ ಕೇಳಲು ಚಾಳೆಲ್ಲ ಕಾದು ನಿಂತಿತ್ತು. "ಈಗ ಆರಾಮ ಅದಾನ," ಎಂದು ಅಯ್ಯಾರು ಹೇಳಿ ಒಳಗೆ ಹೋದರು. ಸತ್ತವನು ಆರಾಮಾಗುವುದು ಹೇಗೆಂದು ಯಾರೂ ಕೇಳಲಿಲ್ಲ. ಜೈತುನಬಿ ಅಲ್ಲಾನಿಗೆ ಶುಕ್ರಿಯಾ ಹೇಳಿ ಎಲ್ಲರ ಕೈಗೂ ಸಕ್ಕರೆ ಹಾಕಿದಳು.

ಆ ವಾರವೆಲ್ಲ ಅಣವೀರಪ್ಪ ಮಿಲ್ಲಿನಲ್ಲಿ ಕೂತು ಆದಿತ್ಯವಾರವನ್ನೇ ಧ್ಯಾನಿಸಿದ. ಎಂಥ ನೆರೆಹೊರೆ, ಎಂಥ ಹಿರಿಯರು ಎಂದು ಅವನ ಮನಸ್ಸು ತುಂಬಿ ಬರುತ್ತಿತ್ತು. ಆ ದಿನ ಬೆಳಿಗ್ಗೆ ಎದ್ದವನೇ ಜಳಕ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಹೊರಬಂದ. ಗ್ಯಾಲರಿಯಲ್ಲಿ ದಾನವ್ವ ಇಳಕಲ್ ಸೀರೆಯುಟ್ಟು ಮಲ್ಲಿಗೆ ಮುಡಿದು ನಿಂತಿದ್ದಳು. ಅವಳ ಪಕ್ಕದಲ್ಲಿ ಅಯ್ಯಾರ ಹೆಂಡತಿ ಗಂಗುಬಾಯಿ. ಅವಳ ಪಕ್ಕದಲ್ಲಿ ಜರಿಯಂಚಿನ ದುಪಟ್ಟಾ ಹೊದ್ದ ಜೈತುನಬಿ. ಅವಳ ಹಿಂದೆ ಚಾಳಿನ ಹೆಂಗಸರೆಲ್ಲ ಹೂ ಮುಡಿದು ಸಾಲಾಗಿ ನಿಂತಿದ್ದರು. ಅಯ್ಯಾರು ಎಲ್ಲರಿಗೂ ಮುಂದೆ, ಹೊಸ ರುಮಾಲು ಸುತ್ತಿಕೊಂಡು.

"ನೀ ಎಲ್ಲಿಗೆ ಹೊಂಟೀಯೋ ತಮ್ಮಾ?" ಎಂದು ಅಯ್ಯಾರು ಕೇಳಿದರು.

"ಗ್ರಾಂಟ್ ರೋಡಿಗೆ ರೀ... ದೋಸಿಗೆ."

"ಮತ್ತ ಹುಡುಗರನ್ನ ಯಾರು ನೋಡ್ತಾರ? ಚಾಳಿನಾಗ ಒಬ್ಬ ಹೆಂಗಸೂ ಉಳಿಯಾಂಗಿಲ್ಲ. ಹುಡುಗರನ್ನ ಬಿಟ್ಟು ತಿನ್ನಬೇಕು ಅಂತ ವಿಚಾರ ತೆಗದಾವ ನೀನ ಅಲ್ಲೇನು?"

ಆಗ ಅಣವೀರಪ್ಪ ಹಿಂದಿರುಗಿ ನೋಡಿದ. ಅವನ ಖೋಲಿಯ ಬಾಗಿಲಲ್ಲಿ ಕಾಶ್ಯಾ, ಭಾಗಿ, ಚಿಕ್ಕವ ಮಾತ್ರವಲ್ಲ, ಇಡೀ ಚಾಳಿನ ಮಕ್ಕಳು ಮೂಗು ಸುರಿಸಿಕೊಂಡು, ಚಡ್ಡಿ ಜಾರಿಸಿಕೊಂಡು ನೆರೆದಿದ್ದವು. ಯಾರೋ ಒಂದು ಹಸುಗೂಸನ್ನು ಅವನ ತೋಳಿಗೆ ಕೊಟ್ಟು ಓಡಿದರು. ಹೆಂಗಸರ ಮೆರವಣಿಗೆ ನಗುತ್ತ ಜಿನೆ ಇಳಿಯಿತು. ಕೂಸು ಇಸ್ತ್ರಿ ಅಂಗಿಯನ್ನು ಒದ್ದೆಮಾಡಿತು.

ಹೊತ್ತಿಳಿಯುವ ಮುಂಚೆ ಆ ಮಕ್ಕಳು ಕೌದಿಗಳನ್ನೆಲ್ಲ ನೆಲಕ್ಕೆಳೆದವು, ಹಿಟ್ಟಿನ ಡಬ್ಬಿ ಉರುಳಿಸಿದವು, ಅವನ ಛತ್ರಿಯನ್ನು ಕುದುರೆ ಮಾಡಿಕೊಂಡು ಮುರಿದವು. ಹಸಿವೆಂದು ಅತ್ತಾಗ ಅವನು ಎಲ್ಲರನ್ನೂ ಸಾಲಾಗಿ ನಡೆಸಿಕೊಂಡು ಭಟ್ಟರಲ್ಲಿಗೆ ಹೋದ. ಭಟ್ಟರು ಮೊದಲ ಸಲ, "ಇರಲಿ, ಮಕ್ಕಳು" ಎನ್ನಲಿಲ್ಲ.

ಹೆಂಗಸರು ಮರಳಿದಾಗ ಅವನು ಗೋಡೆಗೊರಗಿ ಕೂತಿದ್ದ. ತೊಡೆಯ ಮೇಲೆ ಎರಡು ಕೂಸು ನಿದ್ದೆಮಾಡಿದ್ದವು. ದಾನವ್ವ ಒಳಗೆ ಬಂದಳು. ಅವಳ ಮುಖ ನೋಡಿ ಅಣವೀರಪ್ಪ ದಣಿವು ಮರೆತ. ಜ್ವರದ ದಿನಗಳ ಕಪ್ಪೆಲ್ಲ ಆ ಮುಖದಿಂದ ಅಳಿಸಿಹೋಗಿತ್ತು. ದೇವರೇ, ಇಷ್ಟು ನೋಡಲಿಕ್ಕಾದರೂ ಉಳಿಸಿದೆಯಲ್ಲ ಎಂದು ಅವನು ಮನಸ್ಸಿನಲ್ಲೇ ಕೈಮುಗಿದ.

"ಪೂರಾ ತಿಂದ್ಯಾ?"

"ಪೂರಾ ರೀ! ಬಿಸಿ ಇತ್ತು. ಬಾಯಿ ಸುಟ್ಟಿತು!" ಎಂದು ಸಣ್ಣ ಹುಡುಗಿಯಂತೆ ನಕ್ಕಳು. "ಗಂಗುಬಾಯಿ ಅವರಂತೂ ತಿನಕೋತ ಅತ್ತಬಿಟ್ರು. ಮ್ಯಾನೇಜರ್ ನಮಗಂತ ಹಾಲ್ ಪೂರಾ ಖಾಲಿ ಮಾಡಿಸಿಕೊಟ್ರು."

ಅಣವೀರಪ್ಪ ಸ್ವಲ್ಪ ಸಂಕೋಚದಿಂದ ಕೇಳಿದ. "ತಿನ್ನುವಾಗ ನನ್ನ ನೆನಪಾತೇನು?"

ದಾನವ್ವ ಸುಳ್ಳು ಹೇಳುವವಳಲ್ಲ. ಕೂತು, ಪ್ರಾಮಾಣಿಕವಾಗಿ ಯೋಚಿಸಿದಳು.

"ಇಲ್ಲ ರೀ," ಎಂದಳು, ತನಗೇ ಆಶ್ಚರ್ಯವಾದಂತೆ. "ಯಾರ ನೆನಪೂ ಆಗಲಿಲ್ಲ." ಆಮೇಲೆ ಮಲಗಿದ ಕೂಸುಗಳ ಮೇಲೆ ಸೆರಗಿನಿಂದ ಗಾಳಿ ಹಾಕುತ್ತ ಪ್ರೀತಿಯಿಂದ ಹೇಳಿದಳು. "ಅದಕ್ಕ ಇನ್ನ ಪ್ರತಿ ತಿಂಗಳಾ ಹೋಗೂದಂತ ಎಲ್ಲಾರೂ ಕೂಡಿ ಮಾತಾಡೇವಿ. ಹುಡುಗರ ಚಿಂತಿ ಮಾಡಬ್ಯಾಡ್ರಿ, ನಮ್ಮ ಮನಿಯವರು ಅದಾರ ಅಂತ ನಾನ ಎಲ್ಲಾರಿಗೂ ಹೇಳಿ ಬಂದೇನಿ."